ಬಾಳಿದ ಊರುಗಳನ್ನು ಬರೆದಿಡೋಣ

ಸಹೋದರಿಯರೇ, ನೀವು ಇದುವರೆಗೆ ಎಷ್ಟು ಊರುಗಳಲ್ಲಿ, ಎಷ್ಟು ಮನೆಗಳಲ್ಲಿ ಬಾಳಿದ್ದೀರಿ? ಬೆರಳು ಮಡಚಿ ಎಣಿಸಿ ನೋಡಿ. ಹುಟ್ಟಿದ ಮನೆ, ರಜೆಗೆ ಹೋಗುತ್ತಿದ್ದ ನಾನಿಯ ಊರು, ನಿಕಾಹ್ ಆಗಿ ಬಂದ ಮನೆ, ಪತಿಯ ಕೆಲಸದ ಜೊತೆ ಬದಲಾದ ಬಾಡಿಗೆ ಮನೆಗಳು. ಹುಟ್ಟಿದ ಓಣಿಯಲ್ಲೇ ಮುಪ್ಪಾಗುವ ಗಂಡಸರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಹೆಚ್ಚಿನ ಹೆಣ್ಣುಮಕ್ಕಳು ಒಮ್ಮೆಯಾದರೂ ಗಂಟುಮೂಟೆ ಕಟ್ಟಿದವರೇ. ಹಾಗಿದ್ದರೂ ಪ್ರವಾಸ ಕಥನವೆಂದರೆ ನಮಗೆ ನೆನಪಾಗುವುದು ಗಂಡಸರ ಹೆಸರುಗಳೇ!

ಬರೆಯಲು ದೂರ ದೇಶಕ್ಕೇ ಹೋಗಿರಬೇಕೆಂದಿಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಕೇವಲ 14 ಕಿಲೋಮೀಟರ್. ದಾವಣಗೆರೆಯ ಆಜಾದ್ ನಗರದಲ್ಲಿ ಬೆಳೆದ ಹುಡುಗಿ ಹರಿಹರಕ್ಕೆ ಸೊಸೆಯಾಗಿ ಹೋದರೆ ಅವಳ ಬದುಕಿಗೆ ತುಂಗಭದ್ರೆ ಬಂದು ಸೇರುತ್ತಾಳೆ. ಮಂಡಕ್ಕಿ ಭಟ್ಟಿಯ ಹೊಗೆ, ಬೆಣ್ಣೆ ದೋಸೆಯ ಪರಿಮಳ ಹಿಂದೆ ಉಳಿಯುತ್ತವೆ. 1956ಕ್ಕೆ ಮುಂಚೆ ಹರಿಹರ ಮೈಸೂರು ರಾಜ್ಯದಲ್ಲಿತ್ತು. ಹೊಳೆಯ ಆಚೆಗಿನ ರಾಣೆಬೆನ್ನೂರು ಮುಂಬೈ ರಾಜ್ಯದಲ್ಲಿತ್ತು. ಅಂದು ಆ ದಡದಿಂದ ಈ ದಡಕ್ಕೆ ಮದುವೆಯಾಗಿ ಬಂದವಳು ರಾಜ್ಯವನ್ನೇ ದಾಟಿ ಬಂದಿದ್ದಳು. ಆಕೆಯ ಅನುಭವವನ್ನು ಯಾರಾದರೂ ಕೇಳಿ ಬರೆದಿಟ್ಟರೇ?

ನಾವು ಕದಲದಿದ್ದರೂ ಊರು ಬದಲಾಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿದ್ದ ದಾವಣಗೆರೆ, ಹರಿಹರಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಹರಪನಹಳ್ಳಿಯಂತೂ ಅದೇ ವರ್ಷ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿ ಒಂದೇ ಹೊಸ್ತಿಲಲ್ಲಿ ಕುಳಿತ ಅಜ್ಜಿಯ ವಿಳಾಸ ಮೂರು ಸಲ ಬದಲಾಯಿತು. ಮೊಮ್ಮಗ ಯಾವುದೋ ಅರ್ಜಿ ತುಂಬುತ್ತಾ, "ದಾದಿ, ನೀವು ಹುಟ್ಟಿದ್ದು ಯಾವ ಜಿಲ್ಲೆ?" ಎಂದು ಕೇಳಿದರೆ ಆಕೆ ಏನೆಂದು ಹೇಳಬೇಕು?

ದುಡಿಮೆಯೂ ಹಾಗೆಯೇ. ದಾವಣಗೆರೆಯನ್ನು ಒಂದು ಕಾಲದಲ್ಲಿ ಹತ್ತಿ ಗಿರಣಿಗಳ ಊರೆಂದು ಕರೆಯುತ್ತಿದ್ದರು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಸದ್ದುಗಳು ಈಗಿಲ್ಲ. ಕಾರ್ಖಾನೆ ಮುಚ್ಚಿದ್ದನ್ನು ಪತ್ರಿಕೆಗಳು ಬರೆಯುತ್ತವೆ. ಆದರೆ ಸಂಬಳ ನಿಂತ ತಿಂಗಳು ಮನೆಯ ಒಲೆ ಹೇಗೆ ಉರಿಯಿತು, ಹೊಲಿಗೆ ಯಂತ್ರದ ಮುಂದೆ ಕುಳಿತವರು ಯಾರು, ಮಗಳ ಶಾಲೆ ಬಿಡಿಸದಂತೆ ತಡೆದವರು ಯಾರು ಎಂಬುದು ಮನೆಯ ಹೆಂಗಸರಿಗೆ ಮಾತ್ರ ಗೊತ್ತು.

ಇತಿಹಾಸವನ್ನು ನೋಡಿ. 1325ರಲ್ಲಿ ತಾಂಜೀರಿನಿಂದ ಹೊರಟ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹುಡುಗಿಯರಿಗಾಗಿಯೇ 13 ಶಾಲೆಗಳಿದ್ದವೆಂದೂ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಅವರು ದಾಖಲಿಸಿದ್ದಾರೆ. ಎಂಥ ಹೆಮ್ಮೆಯ ವಿಷಯ! ಆದರೆ ಆ ವಿದ್ಯಾವಂತ ಹೆಂಗಸರಲ್ಲಿ ಒಬ್ಬಳ ಹೆಸರೂ ಅಲ್ಲಿಲ್ಲ. ಬಾಬರನ ಮಗಳು ಗುಲ್ಬದನ್ ಬೇಗಂ 1576ರಲ್ಲಿ ಹೆಂಗಸರ ತಂಡದೊಂದಿಗೆ ಹಜ್ ಯಾತ್ರೆಗೆ ಹಡಗೇರಿ 1582ರಲ್ಲಿ ಮರಳಿದರು. ಆಕೆ ಅಣ್ಣನ ಚರಿತ್ರೆ 'ಹುಮಾಯೂನ್ ನಾಮಾ' ಬರೆದರು. ತನ್ನದೇ ಯಾತ್ರೆಯ ಬಗ್ಗೆ ಆಕೆ ಬರೆದದ್ದೇನೂ ನಮಗೆ ದೊರೆತಿಲ್ಲ.

ಕನ್ನಡದಲ್ಲಿ ಈ ಮೌನ ಮುರಿದವರಲ್ಲಿ ಸಾರಾ ಅಬೂಬಕ್ಕರ್ ಪ್ರಮುಖರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಅವರು ತಮ್ಮೂರ ಚಂದ್ರಗಿರಿ ಹೊಳೆಯ ದಡವನ್ನೇ ಕಾದಂಬರಿಗೆ ತಂದರು. 2023ರಲ್ಲಿ ಅವರು ತೀರಿಕೊಂಡರು. ಆ ದಡ ಉಳಿದಿದೆ.

"ನನಗೆ ಬರೆಯಲು ಬರುವುದಿಲ್ಲ" ಎನ್ನಬೇಡಿ. ಒಂದು ನೋಟ್ ಪುಸ್ತಕ ಸಾಕು. ಊರಿನ ಹೆಸರು, ವರ್ಷ, ಓಣಿ, ನೀರು ಎಲ್ಲಿಂದ ತರುತ್ತಿದ್ದಿರಿ, ನೆರೆಯವರು ಯಾರು, ಈದ್‌ಗೆ ಏನು ಮಾಡುತ್ತಿದ್ದಿರಿ ಎಂಬುದರಿಂದ ಆರಂಭಿಸಿ. ಓದು ಬಾರದ ಅತ್ತೆ, ಅಮ್ಮಿ ಇದ್ದರೆ ಅವರು ಹೇಳಲಿ, ಮಗಳು ಬರೆಯಲಿ. ಇಬ್ನ್ ಬತೂತ ಕೂಡಾ ತಮ್ಮ ಕಥೆಯನ್ನು ಹೇಳಿ ಬರೆಸಿದವರೇ. ಒಂದು ಎಚ್ಚರಿಕೆ ಮಾತ್ರ ಇರಲಿ: ಪರರ ಕುಂದುಗಳನ್ನು ತುಂಬಿಸಿದರೆ ಅದು ಗೀಬತ್ ಆದೀತು. ಉಪಕಾರ ಮಾಡಿದವರನ್ನು ಮರೆಯದೆ ಬರೆಯಿರಿ.

ಭೂಮಿಯಲ್ಲಿ ಸಂಚರಿಸಿ ನೋಡಲು ಕುರ್‌ಆನ್ ಕರೆ ನೀಡುತ್ತದೆ. ಪ್ರಥಮವಾಗಿ ಅವತೀರ್ಣವಾದ ಸೂಕ್ತಗಳಲ್ಲೇ ಓದಿನ ಆಜ್ಞೆಯಿದೆ, ಲೇಖನಿಯ ಪ್ರಸ್ತಾಪವಿದೆ. ಅಲ್ಲಾಹನು ನಮಗೆ ದಾಟಿಸಿದ ಊರುಗಳು, ಉಣಿಸಿದ ಅನ್ನ, ನೀಡಿದ ಸಹನೆ ಇವನ್ನು ನೆನೆದು ಬರೆಯುವುದೂ ಕೃತಜ್ಞತೆಯ ಒಂದು ರೂಪವೇ. ನಿಮ್ಮ ಮನೆಯಲ್ಲಿ ಅತ್ಯಂತ ಹಿರಿಯರಾದ ಹೆಣ್ಣುಜೀವ ಯಾರು? ಇಂದು ಇಶಾ ನಮಾಝಿನ ಬಳಿಕ ಅವರ ಪಕ್ಕದಲ್ಲಿ ಕುಳಿತು, ಅವರು ಹುಟ್ಟಿದ ಊರು ಯಾವುದೆಂದು ಕೇಳಿ.