ಫ್ರಾಪೆ ಫ್ರೇಮ್‌ವರ್ಕ್ ಆವೃತ್ತಿ 15

ಫ್ರಾಪೆ ಫ್ರೇಮ್‌ವರ್ಕ್ ಆವೃತ್ತಿ 15 ಎಂಬುದು ವ್ಯವಹಾರ ಸಂಬಂಧಿ ತಂತ್ರಾಂಶಗಳನ್ನು ನಿರ್ಮಿಸಲು ಬಳಸುವ ಫ್ರಾಪೆ ಫ್ರೇಮ್‌ವರ್ಕ್ ಎಂಬ ಮುಕ್ತ ತಂತ್ರಾಂಶ ವೇದಿಕೆಯ ಒಂದು ಪ್ರಮುಖ ಆವೃತ್ತಿ. ಇದು 2023ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಲೆಕ್ಕಪತ್ರ, ದಾಸ್ತಾನು, ಖರೀದಿ ಹಾಗೂ ಮಾರಾಟಗಳನ್ನು ನಿರ್ವಹಿಸುವ ಇಆರ್‌ಪಿನೆಕ್ಸ್ಟ್ ಎಂಬ ತಂತ್ರಾಂಶವು ಇದೇ ವೇದಿಕೆಯ ಮೇಲೆ ನಿರ್ಮಿತವಾಗಿದೆ. ವೇದಿಕೆಯನ್ನು ಮುಂಬಯಿಯ ಫ್ರಾಪೆ ಟೆಕ್ನಾಲಜೀಸ್ ಸಂಸ್ಥೆ ಅಭಿವೃದ್ಧಿಪಡಿಸುತ್ತಿದ್ದು, ಬೆಂಗಳೂರಿನ ಜೆ.ಪಿ. ನಗರದಲ್ಲಿ ಪ್ರಧಾನ ಕಚೇರಿ ಹೊಂದಿರುವ ಜೆರೋಧಾ ಸಂಸ್ಥೆಯು ಇದರ ಬಳಕೆದಾರರಲ್ಲಿ ಒಂದು.

ಹಿನ್ನೆಲೆ

ಫ್ರಾಪೆಯ ಸ್ಥಾಪಕ ರುಶಭ್ ಮೆಹ್ತಾ ಅವರು ತಮ್ಮ ಕುಟುಂಬದ ಪೀಠೋಪಕರಣ ಉದ್ಯಮದ ಲೆಕ್ಕಪತ್ರ ಮತ್ತು ದಾಸ್ತಾನು ನಿರ್ವಹಣೆಗೆಂದು ತಂತ್ರಾಂಶ ರೂಪಿಸಲು ತೊಡಗಿದರು. ಆ ಪ್ರಯತ್ನವೇ ಮುಂದೆ ಇಆರ್‌ಪಿನೆಕ್ಸ್ಟ್ ಆಯಿತು. ಅದರ ತಳಹದಿಯಾಗಿದ್ದ ಸಾಮಾನ್ಯ ಭಾಗವನ್ನು ಪ್ರತ್ಯೇಕಿಸಿದ್ದರಿಂದ ಫ್ರಾಪೆ ಫ್ರೇಮ್‌ವರ್ಕ್ ರೂಪುಗೊಂಡಿತು. ಇಆರ್‌ಪಿನೆಕ್ಸ್ಟ್ ಜಿಪಿಎಲ್ ಪರವಾನಗಿಯಲ್ಲಿಯೂ ಫ್ರೇಮ್‌ವರ್ಕ್ ಎಂಐಟಿ ಪರವಾನಗಿಯಲ್ಲಿಯೂ ಲಭ್ಯವಿವೆ. ಎಂಐಟಿ ಪರವಾನಗಿಯ ಕಾರಣ ಇದರ ಮೇಲೆ ಕಟ್ಟಿದ ತಂತ್ರಾಂಶವನ್ನು ಮುಕ್ತವಾಗಿಯೂ ಖಾಸಗಿಯಾಗಿಯೂ ಇರಿಸಿಕೊಳ್ಳಬಹುದು.

ರಚನೆ

ವೇದಿಕೆಯ ಸರ್ವರ್ ಭಾಗವನ್ನು ಪೈಥಾನ್ ಭಾಷೆಯಲ್ಲಿ, ಬಳಕೆದಾರರಿಗೆ ಕಾಣುವ ಭಾಗವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಲಾಗಿದೆ. ದತ್ತಾಂಶ ಸಂಗ್ರಹಕ್ಕೆ ಮುಖ್ಯವಾಗಿ ಮರಿಯಾಡಿಬಿ ಬಳಕೆಯಾಗುತ್ತದೆ. ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳ ಸರದಿಗೆ ಹಾಗೂ ತಾತ್ಕಾಲಿಕ ಸಂಗ್ರಹಕ್ಕೆ ರೆಡಿಸ್ ಬಳಕೆಯಾಗುತ್ತದೆ.

ಇಡೀ ವ್ಯವಸ್ಥೆಯ ಮೂಲ ಘಟಕವನ್ನು ಡಾಕ್‌ಟೈಪ್ ಎನ್ನುತ್ತಾರೆ. ಗ್ರಾಹಕ, ಬಿಲ್ಲು, ರಜೆ ಅರ್ಜಿ ಮುಂತಾದ ಪ್ರತಿಯೊಂದು ಬಗೆಯ ದಾಖಲೆಗೂ ಒಂದೊಂದು ಡಾಕ್‌ಟೈಪ್ ಇರುತ್ತದೆ. ಅದರ ಅಂಕಣಗಳನ್ನು ವಿವರಿಸಿದರೆ ದತ್ತಸಂಚಯದ ಕೋಷ್ಟಕ, ಭರ್ತಿ ಮಾಡುವ ನಮೂನೆ, ಪಟ್ಟಿಯ ಪುಟ, ಅನುಮತಿಗಳ ವ್ಯವಸ್ಥೆ ಮತ್ತು ಎಪಿಐ ಇವೆಲ್ಲವೂ ತಾವಾಗಿಯೇ ಸಿದ್ಧವಾಗುತ್ತವೆ. ಹಣಕಾಸಿನ ದಾಖಲೆಗಳಿಗೆ ಕರಡು, ಸಲ್ಲಿತ, ರದ್ದು ಎಂಬ ಮೂರು ಸ್ಥಿತಿಗಳಿವೆ. ಇವನ್ನು ಕ್ರಮವಾಗಿ 0, 1 ಮತ್ತು 2 ಎಂಬ ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. ಸಲ್ಲಿಸಿದ ಬಿಲ್ಲನ್ನು ಸಾಮಾನ್ಯವಾಗಿ ನೇರವಾಗಿ ತಿದ್ದುವಂತಿಲ್ಲ. ಅದನ್ನು ರದ್ದುಗೊಳಿಸಿ, ತಿದ್ದುಪಡಿಯಾದ ಹೊಸ ದಾಖಲೆಯನ್ನು ಸೃಷ್ಟಿಸಬೇಕು. ಹಳೆಯ ದಾಖಲೆ ಅಳಿಯದೆ ಉಳಿಯುತ್ತದೆ.

ಹೊಸ ವೈಶಿಷ್ಟ್ಯಗಳು

ಆವೃತ್ತಿ 15ರಲ್ಲಿ ಬಳಕೆದಾರರ ಪರದೆಯ ವಿನ್ಯಾಸವನ್ನು ಪರಿಷ್ಕರಿಸಲಾಯಿತು. ಇದಲ್ಲದೆ ಕೆಳಗಿನ ಸೌಲಭ್ಯಗಳು ಸೇರಿದವು.

ನಮೂನೆ ರಚನೆ: ಡಾಕ್‌ಟೈಪಿನ ಅಂಕಣಗಳನ್ನು ಪರದೆಯ ಮೇಲೆ ಎಳೆದು ಜೋಡಿಸಿ ನಮೂನೆಯನ್ನು ರೂಪಿಸಬಹುದು. ಹಿಂದೆ ಇದನ್ನು ಅಂಕಣಗಳ ಉದ್ದನೆಯ ಪಟ್ಟಿಯಲ್ಲಿ ಮಾಡಬೇಕಿದ್ದು, ಅಂತಿಮ ನೋಟವನ್ನು ಊಹಿಸಿಕೊಳ್ಳಬೇಕಿತ್ತು.

ಕಾರ್ಯಹರಿವಿನ ರಚನೆ: ಒಂದು ದಾಖಲೆ ಯಾರ ಒಪ್ಪಿಗೆಯ ನಂತರ ಯಾರಿಗೆ ಹೋಗಬೇಕೆಂಬುದನ್ನು ಚಿತ್ರರೂಪದಲ್ಲಿ ನಿರ್ಧರಿಸಬಹುದು.

ಅನುಮತಿ ಪರೀಕ್ಷಕ: ನಿರ್ದಿಷ್ಟ ಬಳಕೆದಾರರಿಗೆ ಒಂದು ದಾಖಲೆಯನ್ನು ನೋಡಲು ಅಥವಾ ತಿದ್ದಲು ಅನುಮತಿ ಏಕೆ ಇದೆ ಅಥವಾ ಏಕೆ ಇಲ್ಲ ಎಂಬುದನ್ನು ತೋರಿಸುತ್ತದೆ.

ತಿದ್ದುಪಡಿಗಳ ಹೋಲಿಕೆ: ಆಡಿಟ್ ಟ್ರೇಲ್ ಎಂಬ ಸಾಧನವು ರದ್ದಾದ ಮೂಲ ದಾಖಲೆಯನ್ನೂ ಅದರ ತಿದ್ದುಪಡಿಗಳನ್ನೂ ಹೋಲಿಸಿ ವ್ಯತ್ಯಾಸಗಳನ್ನು ಒಂದೆಡೆ ತೋರಿಸುತ್ತದೆ.

ಅಭಿವೃದ್ಧಿಕಾರರಿಗೆ: ಎಪಿಐಯ ಎರಡನೆಯ ಆವೃತ್ತಿ ಹಾಗೂ ಡಾಕ್‌ಟೈಪಿನ ಅಂಕಣಗಳಿಗೆ ಅನುಗುಣವಾಗಿ ಪೈಥಾನ್ ಕಡತದಲ್ಲಿ ತಾವಾಗಿಯೇ ಮೂಡುವ ದತ್ತಪ್ರಕಾರ ಸೂಚನೆಗಳು ಸೇರಿವೆ.

ಸರ್ವರ್ ಸ್ಕ್ರಿಪ್ಟ್ ನಿರ್ಬಂಧ

ಈ ಆವೃತ್ತಿಯ ಬಳಕೆದಾರರ ಮೇಲೆ ಹೆಚ್ಚು ಪರಿಣಾಮ ಬೀರಿದ ಬದಲಾವಣೆ ಸರ್ವರ್ ಸ್ಕ್ರಿಪ್ಟ್‌ಗಳಿಗೆ ಸಂಬಂಧಿಸಿದ್ದು. ಸಂಸ್ಥೆಯ ನಿರ್ವಾಹಕರು ಬ್ರೌಸರಿನಲ್ಲಿಯೇ ಬರೆದು ಸರ್ವರ್‌ನಲ್ಲಿ ಓಡಿಸಬಹುದಾದ ಚಿಕ್ಕ ಪೈಥಾನ್ ತುಣುಕುಗಳಿಗೆ ಈ ಹೆಸರಿದೆ. ಉದಾಹರಣೆಗೆ, ನಿಗದಿತ ಮಿತಿಗಿಂತ ಹೆಚ್ಚು ರಿಯಾಯಿತಿ ನೀಡಿದ ಬಿಲ್ಲನ್ನು ತಡೆಯುವ ನಿಯಮವನ್ನು ಹೀಗೆ ಬರೆಯಬಹುದು. ಪ್ರತ್ಯೇಕ ತಂತ್ರಾಂಶ ತಂಡವಿಲ್ಲದ ಸಣ್ಣ ಸಂಸ್ಥೆಗಳಿಗೆ ಇದು ಅನುಕೂಲಕರ.

ಈ ತುಣುಕುಗಳು ಸೀಮಿತ ಅಧಿಕಾರವುಳ್ಳ ಆವರಣದೊಳಗೆ ಓಡುತ್ತವೆಯಾದರೂ, ಅಂಥ ಆವರಣವನ್ನು ಭೇದಿಸುವ ದಾರಿ ಸಿಕ್ಕರೆ ಒಂದೇ ಸರ್ವರ್‌ನಲ್ಲಿರುವ ಇತರ ಸಂಸ್ಥೆಗಳ ದತ್ತಾಂಶಕ್ಕೂ ಅಪಾಯವಿದೆ. ಆದ್ದರಿಂದ ಆವೃತ್ತಿ 15ರಿಂದ ಈ ಸೌಲಭ್ಯವು ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಗಿರುತ್ತದೆ. ಇದನ್ನು ಸಕ್ರಿಯಗೊಳಿಸಲು ಬ್ರೌಸರಿನ ನಿರ್ವಾಹಕ ಖಾತೆ ಸಾಲದು, ಸರ್ವರ್‌ನ ಸಂರಚನಾ ಕಡತವನ್ನು ಬದಲಿಸುವ ಅಧಿಕಾರ ಬೇಕು. ಹಿಂದಿನ ಆವೃತ್ತಿಯಿಂದ ಬಂದ ಸಂಸ್ಥೆಯು ಈ ಕ್ರಮ ಕೈಗೊಳ್ಳದಿದ್ದರೆ ಮೇಲಿನ ಉದಾಹರಣೆಯ ರಿಯಾಯಿತಿ ತಪಾಸಣೆ ನಡೆಯುವುದಿಲ್ಲ. ಪರ್ಯಾಯವಾಗಿ ಇಂಥ ನಿಯಮಗಳನ್ನು ಪ್ರತ್ಯೇಕ ಆ್ಯಪ್ ಆಗಿ ಬರೆದು ಸ್ಥಾಪಿಸಬಹುದು.

ಉನ್ನತೀಕರಣ

ಫ್ರಾಪೆಯ ಸ್ಥಾಪನೆ ಮತ್ತು ಉನ್ನತೀಕರಣಗಳನ್ನು ಬೆಂಚ್ ಎಂಬ ಸಾಧನದ ಮೂಲಕ ಮಾಡಲಾಗುತ್ತದೆ. ಉನ್ನತೀಕರಣದ ವೇಳೆ ಹೊಸ ಕೋಷ್ಟಕ ರಚನೆ ಜಾರಿಯಾಗುತ್ತದೆ, ಹಳೆಯ ದತ್ತಾಂಶವನ್ನು ಹೊಸ ರೂಪಕ್ಕೆ ತರುವ ಪ್ಯಾಚ್‌ಗಳು ಓಡುತ್ತವೆ. ಓಡಿದ ಪ್ಯಾಚ್‌ಗಳ ದಾಖಲೆ ಉಳಿಯುವುದರಿಂದ ಅವು ಮತ್ತೆ ಓಡುವುದಿಲ್ಲ.

ಸಂಸ್ಥೆಗಳು ಪರದೆಯ ಮೂಲಕ ಸೇರಿಸಿದ ಅಂಕಣಗಳು ಮೂಲ ತಂತ್ರಾಂಶದಿಂದ ಪ್ರತ್ಯೇಕವಾಗಿ ದತ್ತಸಂಚಯದಲ್ಲಿರುತ್ತವೆ. ಆದ್ದರಿಂದ ಅವು ಸಾಮಾನ್ಯವಾಗಿ ಉನ್ನತೀಕರಣದ ನಂತರವೂ ಉಳಿಯುತ್ತವೆ. ಇದಕ್ಕೆ ಬದಲಾಗಿ ಮೂಲ ಕಡತಗಳನ್ನೇ ತಿದ್ದಿದ್ದರೆ ಹೊಸ ಆವೃತ್ತಿಯ ಕಡತಗಳೊಂದಿಗೆ ಘರ್ಷಣೆ ಉಂಟಾಗಿ ಉನ್ನತೀಕರಣ ಕಷ್ಟವಾಗುತ್ತದೆ. ದತ್ತಾಂಶದ ಪ್ರತಿಯನ್ನು ಬೇರೊಂದು ಸರ್ವರ್‌ಗೆ ವರ್ಗಾಯಿಸಿ, ಉನ್ನತೀಕರಣವನ್ನು ಮೊದಲು ಅಲ್ಲಿ ಪರೀಕ್ಷಿಸುವುದು ರೂಢಿ.

ಭಾರತದ ಕಾನೂನು ಅಗತ್ಯಗಳು

ಕಂಪನಿಗಳ ಲೆಕ್ಕಪತ್ರ ನಿಯಮಗಳ ಪ್ರಕಾರ, 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನು ದಿನಾಂಕಸಹಿತ ದಾಖಲಿಸಬೇಕು. ಈ ದಾಖಲಾತಿಯನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಾಗಬಾರದು. ಆವೃತ್ತಿ 15ರ ಆಡಿಟ್ ಟ್ರೇಲ್ ಸಾಧನದ ಹೆಸರು ಈ ನಿಯಮವನ್ನು ನೆನಪಿಸಿದರೂ ಅದು ಕೇವಲ ಹೋಲಿಕೆಯ ಸಾಧನ. ನಿಯಮ ಪಾಲನೆಗೆ ಬೇಕಾದ ನಿರಂತರ ದಾಖಲಾತಿಯು ಬದಲಾವಣೆಗಳ ಜಾಡನ್ನು ಉಳಿಸುವ ಬೇರೆ ವ್ಯವಸ್ಥೆಯಿಂದ ನಡೆಯುತ್ತದೆ. ಅದನ್ನು ಕಡ್ಡಾಯಗೊಳಿಸುವ ಆಯ್ಕೆ ಹಾಗೂ ಸರಕು ಮತ್ತು ಸೇವಾ ತೆರಿಗೆಗೆ ಬೇಕಾದ ಸೌಲಭ್ಯಗಳು ಇಂಡಿಯಾ ಕಂಪ್ಲಯನ್ಸ್ ಎಂಬ ಪ್ರತ್ಯೇಕ ಆ್ಯಪ್‌ನಲ್ಲಿವೆ. ಇದನ್ನು ಸ್ಥಾಪಿಸಿದ ಸಂಸ್ಥೆಯು ಉನ್ನತೀಕರಣದ ವೇಳೆ ಅದರ ಹೊಂದಾಣಿಕೆಯ ಆವೃತ್ತಿಯನ್ನೂ ಪಡೆಯಬೇಕು.

ದಕ್ಷಿಣ ಬೆಂಗಳೂರಿನ ನಂಟು

ಜೆ.ಪಿ. ನಗರ 4ನೇ ಹಂತದಲ್ಲಿರುವ ಷೇರು ದಲ್ಲಾಳಿ ಸಂಸ್ಥೆ ಜೆರೋಧಾವನ್ನು 2010ರಲ್ಲಿ ನಿತಿನ್ ಕಾಮತ್ ಮತ್ತು ನಿಖಿಲ್ ಕಾಮತ್ ಸಹೋದರರು ಸ್ಥಾಪಿಸಿದರು. ಸಂಸ್ಥೆಯು ತನ್ನ ಆಂತರಿಕ ಕೆಲಸಗಳಿಗೆ ಫ್ರಾಪೆ ಮತ್ತು ಇಆರ್‌ಪಿನೆಕ್ಸ್ಟ್ ಬಳಸುತ್ತದೆ. ಅದರ ಹೂಡಿಕೆ ವಿಭಾಗವಾದ ರೇನ್‌ಮ್ಯಾಟರ್ ಫ್ರಾಪೆಯಲ್ಲಿ ಬಂಡವಾಳ ಹೂಡಿದೆ. ಜೆರೋಧಾದ ಮುಖ್ಯ ತಂತ್ರಜ್ಞಾನ ಅಧಿಕಾರಿ ಕೈಲಾಶ್ ನಾಧ್ ಮತ್ತು ರುಶಭ್ ಮೆಹ್ತಾ ಅವರು ಮುಕ್ತ ತಂತ್ರಾಂಶಗಳನ್ನು ಉತ್ತೇಜಿಸುವ ಫಾಸ್ ಯುನೈಟೆಡ್ ಎಂಬ ಲಾಭರಹಿತ ಸಂಸ್ಥೆಯ ಸಹಸ್ಥಾಪಕರು. ಈ ಸಂಸ್ಥೆಯ ಇಂಡಿಯಾ ಫಾಸ್ ಸಮಾವೇಶವು 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಮಾವೇಶ ಕೇಂದ್ರದಲ್ಲಿ ನಡೆಯಿತು.

ಕನ್ನಡ ಬೆಂಬಲ

ದತ್ತಾಂಶವನ್ನು ಯುನಿಕೋಡ್‌ನಲ್ಲಿ ಸಂಗ್ರಹಿಸುವುದರಿಂದ ಗ್ರಾಹಕರ ಹೆಸರು, ವಿಳಾಸ ಮುಂತಾದವನ್ನು ಕನ್ನಡದಲ್ಲಿ ನಮೂದಿಸಬಹುದು, ಹುಡುಕಬಹುದು. ಪರದೆಯ ಪದಗಳಿಗೂ ಕನ್ನಡ ಅನುವಾದದ ಅವಕಾಶವಿದ್ದು, ಸ್ವಯಂಸೇವಕರು ಅದಕ್ಕೆ ಕೊಡುಗೆ ನೀಡಬಹುದು. ಕನ್ನಡದ ಬಿಲ್ಲನ್ನು ಪಿಡಿಎಫ್ ರೂಪಕ್ಕೆ ತರುವಾಗ ಸರ್ವರ್‌ನಲ್ಲಿ ಕನ್ನಡ ಅಕ್ಷರಶೈಲಿ ಇರಬೇಕಾದುದು ಅಗತ್ಯ. ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಮುದ್ರಿತವಾಗುತ್ತವೆ.