ನಿಮಗಿದು ಗೊತ್ತೆ? ಕೊಳ್ಳದೆಯೇ ಕಾರು ಓಡಿಸಬಹುದು!

ಕಾರು ಹಂಚಿಕೊಂಡು ಓಡಿಸುವುದು ಮೊಬೈಲ್ ಕಾಲದ ಉಪಾಯ ಅಂದುಕೊಂಡಿದ್ದೀರಾ? 1948ರಲ್ಲೇ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಇದಕ್ಕೆಂದು ಒಂದು ಸಹಕಾರ ಸಂಘವಿತ್ತು. ಹೆಸರು ಸೆಫಾಗೆ. ಸ್ವಂತ ಕಾರು ಕೈಗೆಟುಕದವರು ಸೇರಿ ಕಟ್ಟಿಕೊಂಡದ್ದು.

ಆಮ್‌ಸ್ಟರ್‌ಡ್ಯಾಮ್‌ನವರು 1974ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಇಬ್ಬರು ಕೂರುವ, ಮೂರು ಚಕ್ರದ ಬ್ಯಾಟರಿ ಕಾರು, ‘ವಿಟ್‌ಕಾರ್’. ಸದಸ್ಯರು ಒಂದು ನಿಲ್ದಾಣದಲ್ಲಿ ಹತ್ತಿ ಮತ್ತೊಂದರಲ್ಲಿ ಬಿಡಬಹುದಿತ್ತು. ನಿಲ್ದಾಣಗಳು ಬೆರಳೆಣಿಕೆಯಷ್ಟೇ ಆದದ್ದರಿಂದ ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಯೋಜನೆಯೂ ಮುಗಿದಿತ್ತು. ಕಾಲಕ್ಕಿಂತ ಮೊದಲೇ ಹುಟ್ಟಿದ ಕೂಸು!

ಗಟ್ಟಿಯಾಗಿ ನಿಂತದ್ದು ಮತ್ತೆ ಸ್ವಿಟ್ಜರ್ಲೆಂಡಿನಲ್ಲೇ. 1987ರಲ್ಲಿ ಶುರುವಾದ ಎರಡು ಸಂಘಗಳು 1997ರಲ್ಲಿ ಒಂದಾಗಿ ‘ಮೊಬಿಲಿಟಿ’ ಆದವು. ಇದರ ಕೆಂಪು ಕಾರುಗಳು ರೈಲು ನಿಲ್ದಾಣಗಳ ಪಕ್ಕದಲ್ಲೇ ನಿಂತಿರುತ್ತವೆ. ದೂರಕ್ಕೆ ರೈಲು, ಇಳಿದ ಮೇಲೆ ಕಾರು. ಗಂಟೆ, ಕಿಲೋಮೀಟರು ಲೆಕ್ಕದಲ್ಲಿ ಬಾಡಿಗೆ. ಪೆಟ್ರೋಲು, ವಿಮೆ, ರಿಪೇರಿ ಎಲ್ಲ ಸಂಘದ ತಲೆನೋವು. ಓಡಿಸಿದವರು ಕಾರನ್ನು ಹೊತ್ತಿಗೆ ಸರಿಯಾಗಿ ಅದರ ಜಾಗಕ್ಕೆ ತಂದು ನಿಲ್ಲಿಸಿದರಾಯಿತು. ಮುಂದಿನವರು ಅಲ್ಲಿ ಕಾದಿರಬಹುದಲ್ಲ!

ನಮ್ಮ ಬೆಂಗಳೂರಿಗೆ ಗಂಟೆ ಲೆಕ್ಕದ ಕಾರು ಬಂದದ್ದು ತೀರ ಈಚೆಗೆ. ಜೂಮ್‌ಕಾರ್ ಇಲ್ಲಿ ಶುರುವಾದದ್ದು 2013ರಲ್ಲಿ. ರಸ್ತೆಯಲ್ಲಿ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಕಂಡರೆ, ಅದು ಗ್ರಾಹಕರೇ ಓಡಿಸುವ ಬಾಡಿಗೆ ಕಾರು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಟ್ಯಾಕ್ಸಿ.