ಅಮೆರಿಕದ ಸಂಬಂಧ ಬಂದಾಗ ಕೇಳಬೇಕಾದ ಒಂದು ಕಾಗದ

ಗಲ್ಫ್ ಸಂಬಂಧ ನಮ್ಮ ಮನೆಗಳಿಗೆ ಹೊಸತಲ್ಲ. ಹುಡುಗ ದಮ್ಮಾಮ್‌ನಲ್ಲಿರಲಿ, ದುಬೈಯಲ್ಲಿರಲಿ, ಅವನ ಬಗ್ಗೆ ವಿಚಾರಿಸಲು ಅಲ್ಲಿ ನಮ್ಮ ಊರಿನವರೇ ನಾಲ್ಕು ಜನ ಸಿಗ್ತಾರೆ. ಒಂದು ಫೋನ್ ಮಾಡಿದರೆ ಅವನ ರೂಮಿನ ಸುದ್ದಿಯೂ ಗೊತ್ತಾಗ್ತದೆ. ಅಮೆರಿಕದ ಕಥೆ ಹಾಗಲ್ಲ. ದೇಶ ದೊಡ್ಡದು, ನಮ್ಮವರು ಕಡಿಮೆ, ಇದ್ದವರೂ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ. ಅಲ್ಲಿಂದ ಸಂಬಂಧ ಬಂದು, ‘ಹುಡುಗನಿಗೆ ಮೊದಲೊಂದು ಮದುವೆ ಆಗಿತ್ತು, ಅದು ಮುಗಿದಿದೆ’ ಎಂದು ಮಧ್ಯಸ್ಥರು ಹೇಳಿದರೆ ಹೆಣ್ಣಿನ ಕಡೆಯವರು ಹೆಚ್ಚಾಗಿ ಅಲ್ಲಿಗೇ ಸುಮ್ಮನಾಗ್ತಾರೆ. ಮುಗಿದಿದೆ ಅಂದರೆ ಹೇಗೆ ಮುಗಿದಿದೆ, ಎಲ್ಲಿ ಮುಗಿದಿದೆ, ಕಾಗದ ಎಲ್ಲಿ ಉಂಟು ಎಂದು ಕೇಳಲು ಸಂಕೋಚ.

ಈ ಸಂಕೋಚ ಯಾಕೆ ಒಳ್ಳೆಯದಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಒಂದು ಮದುವೆ ಊರ್ಜಿತದಲ್ಲಿರುವಾಗ ಇನ್ನೊಂದು ಮದುವೆ ಕಾನೂನುಬಾಹಿರ. ಅಲ್ಲಿ ವಿಚ್ಛೇದನ ಕೊಡುವುದು ನ್ಯಾಯಾಲಯ ಮಾತ್ರ. ‘ನಾನು ಮಸೀದಿಯಲ್ಲಿ ತಲಾಕ್ ಕೊಟ್ಟಿದ್ದೇನೆ, ಇಮಾಮರ ಪತ್ರ ಉಂಟು’ ಎಂದು ಹುಡುಗ ಹೇಳಬಹುದು. ದೀನಿನ ಲೆಕ್ಕದಲ್ಲಿ ಅದಕ್ಕೆ ಅರ್ಥ ಇರಬಹುದು. ಆದರೆ ಅಲ್ಲಿನ ಸರಕಾರದ ಲೆಕ್ಕದಲ್ಲಿ ಅವನು ಇನ್ನೂ ಮೊದಲ ಹೆಂಡತಿಯ ಗಂಡ. ಹಾಗಿರುವಾಗ ಇಲ್ಲಿ ನಿಕಾಹ್ ಆದ ನಮ್ಮ ಮಗಳಿಗೆ ಅವನು ಹೆಂಡತಿ ಎಂದು ವೀಸಾಕ್ಕೆ ಅರ್ಜಿ ಹಾಕಿದರೆ, ಹಿಂದಿನ ಮದುವೆ ಮುಗಿದ ದಾಖಲೆ ಕೊಡು ಎಂದು ಇಮಿಗ್ರೇಶನ್‌ನವರು ಕೇಳಿಯೇ ಕೇಳ್ತಾರೆ. ನಿಕಾಹ್ ನಡೆದ ದಿನದ ಮೊದಲೇ ಆ ಮದುವೆ ನ್ಯಾಯಾಲಯದಲ್ಲಿ ಮುಗಿದಿರಬೇಕು. ಒಂದು ದಿನ ಆಚೆಗಾದರೂ ನಮ್ಮ ಮಗಳ ಮದುವೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ದೇಶದ ಮುಸ್ಲಿಂ ವೈಯಕ್ತಿಕ ಕಾನೂನು ಎರಡನೇ ಮದುವೆಗೆ ಅವಕಾಶ ಕೊಟ್ಟಿದೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಹುಡುಗಿ ಇಲ್ಲಿ ತವರಿನಲ್ಲಿ, ಹುಡುಗ ಅಲ್ಲಿ. ವರ್ಷಗಳು ಹೋಗ್ತವೆ.

ಹಾಗಾದರೆ ಆ ದಾಖಲೆ ಸಿಗುವುದೆಲ್ಲಿ? ಇಡೀ ಅಮೆರಿಕಕ್ಕೆ ಒಂದೇ ವಿಚ್ಛೇದನ ರಿಜಿಸ್ಟರ್ ಇಲ್ಲ. ಅಲ್ಲಿ 50 ರಾಜ್ಯಗಳು, ರಾಜ್ಯಗಳ ಒಳಗೆ ನಮ್ಮ ಜಿಲ್ಲೆ, ತಾಲೂಕಿನ ಹಾಗೆ ಕೌಂಟಿಗಳು. ದೇಶದಲ್ಲಿ ಒಟ್ಟು 3,100ಕ್ಕೂ ಮಿಕ್ಕಿ ಕೌಂಟಿ ಮತ್ತು ಅದಕ್ಕೆ ಸಮನಾದ ಆಡಳಿತ ಘಟಕಗಳಿವೆ. ಟೆಕ್ಸಾಸ್ ಒಂದರಲ್ಲೇ 254, ಕ್ಯಾಲಿಫೋರ್ನಿಯಾದಲ್ಲಿ 58. ಲೂಸಿಯಾನಾದಲ್ಲಿ ಕೌಂಟಿಗೆ ಪ್ಯಾರಿಶ್ ಎನ್ನುತ್ತಾರೆ. ಸಾಮಾನ್ಯವಾಗಿ ಯಾವ ಕೌಂಟಿಯ ಕೋರ್ಟು ವಿಚ್ಛೇದನ ಕೊಟ್ಟಿತೋ ಅದರ ಕಡತ ಆ ಕೌಂಟಿಯಲ್ಲೇ ಇರ್ತದೆ. ಮದುವೆ ಆದದ್ದು ಮಂಗಳೂರಿನಲ್ಲಿರಬಹುದು, ಹುಡುಗ ಈಗ ಇರುವುದು ಬೇರೆ ರಾಜ್ಯದಲ್ಲಿರಬಹುದು. ಅದು ಮುಖ್ಯ ಅಲ್ಲ. ಆದ್ದರಿಂದ ‘ವಿಚ್ಛೇದನ ಆದದ್ದು ಯಾವ ರಾಜ್ಯ, ಯಾವ ಕೌಂಟಿ, ಯಾವ ವರ್ಷ, ಕೇಸ್ ನಂಬರ್ ಎಷ್ಟು’ ಎಂಬ ನಾಲ್ಕು ವಿಷಯ ಮೊದಲು ಕೇಳಬೇಕು. ನಿಜವಾಗಿ ವಿಚ್ಛೇದನ ಆದವನಿಗೆ ಇವು ಬಾಯಿಪಾಠ ಇಲ್ಲದಿದ್ದರೂ ಕಾಗದ ನೋಡಿ ಹೇಳಲು ಐದು ನಿಮಿಷ ಸಾಕು.

ನಗರದ ಹೆಸರು ಬೇರೆ, ಕೌಂಟಿಯ ಹೆಸರು ಬೇರೆ ಎಂಬುದೂ ನೆನಪಿರಲಿ. ಶಿಕಾಗೊ ಇರುವುದು ಕುಕ್ ಕೌಂಟಿಯಲ್ಲಿ. ಹ್ಯೂಸ್ಟನ್‌ನ ಹೆಚ್ಚಿನ ಭಾಗ ಹ್ಯಾರಿಸ್ ಕೌಂಟಿಯಲ್ಲಿ, ಸ್ಯಾನ್ ಹೋಸೆ ಸಾಂತಾ ಕ್ಲಾರಾದಲ್ಲಿ, ಸಿಯಾಟಲ್ ಕಿಂಗ್ ಕೌಂಟಿಯಲ್ಲಿ. ಕಚೇರಿಯ ಹೆಸರೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗ್ತದೆ. ಟೆಕ್ಸಾಸ್‌ನಲ್ಲಿ ಡಿಸ್ಟ್ರಿಕ್ಟ್ ಕ್ಲರ್ಕ್, ಇಲಿನಾಯ್‌ನಲ್ಲಿ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್, ಕ್ಯಾಲಿಫೋರ್ನಿಯಾದಲ್ಲಿ ಸುಪೀರಿಯರ್ ಕೋರ್ಟ್, ನ್ಯೂಯಾರ್ಕ್‌ನಲ್ಲಿ ಕೌಂಟಿ ಕ್ಲರ್ಕ್.

ಕಾಗದದಲ್ಲೂ ಮೂರು ಬಗೆ ಉಂಟು. ಒಂದು, ಕೇಸಿನ ಪೂರ್ತಿ ಕಡತ. ಅರ್ಜಿ, ಉತ್ತರ, ಆದೇಶ ಎಲ್ಲ ಅದರಲ್ಲಿ. ಎರಡು, ಡಿಕ್ರಿ. ಇದು ನ್ಯಾಯಾಧೀಶರು ಸಹಿ ಹಾಕಿದ ಅಂತಿಮ ತೀರ್ಪು. ಮಕ್ಕಳು ಯಾರ ಜೊತೆ, ಜೀವನಾಂಶ ಎಷ್ಟು ಎಂಬುದೂ ಇದರಲ್ಲಿ ಇರ್ತದೆ. ಮೂರು, ಸರ್ಟಿಫಿಕೇಟ್. ಇದನ್ನು ರಾಜ್ಯದ ಜನನ ಮರಣ ದಾಖಲೆ ಇಡುವ ಇಲಾಖೆ ಕೊಡ್ತದೆ. ಇಬ್ಬರ ಹೆಸರು, ದಿನಾಂಕ, ಸ್ಥಳ ಇಷ್ಟೇ. ಎಲ್ಲ ರಾಜ್ಯಗಳೂ ಇದನ್ನು ಕೊಡುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 1963ರಿಂದ ಈಚಿನದ್ದು ಸಿಗ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯ ಕಚೇರಿ ಕೊಡುವುದು 1968ರಿಂದ ಈಚಿನ ವಿಚ್ಛೇದನ ನಡೆದಿದೆ ಎಂಬ ದೃಢೀಕರಣ ಪತ್ರ ಮಾತ್ರ. ನಮ್ಮ ಕೆಲಸಕ್ಕೆ ಬೇಕಾದದ್ದು ಎರಡನೆಯದು, ಅಂದರೆ ಡಿಕ್ರಿಯ ದೃಢೀಕೃತ ಪ್ರತಿ. ಕೋರ್ಟಿನ ಮುದ್ರೆ, ಕ್ಲರ್ಕಿನ ಸಹಿ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಮಾಹಿತಿಗೆ ಆದೀತು, ಆಧಾರಕ್ಕೆ ಆಗುವುದಿಲ್ಲ.

ಇದನ್ನು ತರಿಸುವ ಸುಲಭ ದಾರಿ, ಹುಡುಗನೇ ಅರ್ಜಿ ಹಾಕುವುದು. ಅವನು ಕೇಸಿನ ಕಕ್ಷಿದಾರ, ಕೇಳಿದರೆ ಕೊಡಲೇಬೇಕು. ಕೋರ್ಟಿಗೆ ಖುದ್ದು ಹೋಗಬಹುದು, ಅಂಚೆಯಲ್ಲಿ ಕಳುಹಿಸಬಹುದು, ಅನೇಕ ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲೂ ಆಗ್ತದೆ. ಅರ್ಜಿಯಲ್ಲಿ ಇಬ್ಬರ ಪೂರ್ತಿ ಹೆಸರು, ಹೆಂಡತಿಯ ಮದುವೆಗೆ ಮುಂಚಿನ ಹೆಸರು, ಅಂದಾಜು ದಿನಾಂಕ, ಕೇಸ್ ನಂಬರ್ ಬರೆಯಬೇಕು. ಜೊತೆಗೆ ಗುರುತಿನ ಚೀಟಿ ಮತ್ತು ಶುಲ್ಕ. ಖರ್ಚು ದೊಡ್ಡದಲ್ಲ, ಹೆಚ್ಚಾಗಿ ಕೆಲವು ಹತ್ತು ಡಾಲರ್‌ಗಳ ಒಳಗೆ ಮುಗಿಯುತ್ತದೆ. ಹೆಸರಿನ ಕಾಗುಣಿತದ ಬಗ್ಗೆ ಜಾಗ್ರತೆ ಬೇಕು. ನಮ್ಮವರ ಮುಹಮ್ಮದ್ ಪಾಸ್‌ಪೋರ್ಟಿನಲ್ಲಿ ಒಂದು ತರ, ಕೋರ್ಟಿನಲ್ಲಿ ಇನ್ನೊಂದು ತರ ಇದ್ದರೆ ಹುಡುಕಿದರೂ ಸಿಗದೆ ಹೋಗಬಹುದು.

ನಾವೇ ಹುಡುಕಬಹುದಾ? ಕೆಲವು ಕಡೆ ಆಗ್ತದೆ. ಹಲವು ಕೌಂಟಿಗಳ ಕೋರ್ಟು ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದರೆ ಕೇಸ್ ಇತ್ತಾ, ಮುಗಿದಿದೆಯಾ ಎಂದು ಕಾಣ್ತದೆ. ಆದರೆ ನ್ಯೂಯಾರ್ಕ್‌ನಲ್ಲಿ ವಿಚ್ಛೇದನದ ಕಡತ ಗೌಪ್ಯ, ಗಂಡ ಹೆಂಡತಿ ಮತ್ತು ಅವರ ವಕೀಲರಿಗೆ ಬಿಟ್ಟರೆ ಉಳಿದವರಿಗೆ ಕೋರ್ಟಿನ ಆದೇಶ ಇಲ್ಲದೆ ಕೊಡುವುದಿಲ್ಲ. ಹಣ ಕೊಟ್ಟರೆ ಯಾರ ದಾಖಲೆಯನ್ನೂ ತೆಗೆದುಕೊಡುತ್ತೇವೆ ಎನ್ನುವ ಖಾಸಗಿ ವೆಬ್‌ಸೈಟ್‌ಗಳೂ ತುಂಬ ಇವೆ. ಅವರು ಕೊಡುವುದು ಕೋರ್ಟಿನ ಕಾಗದ ಅಲ್ಲ. ಅದನ್ನು ನಂಬಿ ಸಂಬಂಧ ಕೂಡಿಸುವುದೂ ಬೇಡ, ಮುರಿಯುವುದೂ ಬೇಡ.

ಡಿಕ್ರಿ ಕೈಗೆ ಬಂದ ಮೇಲೆ ದಿನಾಂಕವನ್ನು ಸರಿಯಾಗಿ ಓದಬೇಕು. ಕ್ಯಾಲಿಫೋರ್ನಿಯಾದಲ್ಲಿ ಕೇಸಿನ ನೋಟಿಸ್ ತಲುಪಿ ಆರು ತಿಂಗಳು ಕಳೆಯದೆ ಮದುವೆ ಮುಗಿಯುವುದಿಲ್ಲ. ಅಲ್ಲಿನ ತೀರ್ಪಿನಲ್ಲಿ ವೈವಾಹಿಕ ಸಂಬಂಧ ಕೊನೆಯಾಗುವ ದಿನವನ್ನು ಬೇರೆಯೇ ಬರೆದಿರ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ತೀರ್ಪಿನ ನಂತರ 90 ದಿನ ಕಳೆದ ಮೇಲೆಯೇ ಅದು ಅಂತಿಮ. ಟೆಕ್ಸಾಸ್‌ನಲ್ಲಿ ವಿಚ್ಛೇದನ ಆಗಿ 30 ದಿನ ಬೇರೆಯವರನ್ನು ಮದುವೆ ಆಗುವಂತಿಲ್ಲ, ಕೋರ್ಟು ವಿನಾಯಿತಿ ಕೊಟ್ಟರೆ ಮಾತ್ರ ಬೇರೆ ಮಾತು. ಹಾಲ್ ಬುಕ್ ಮಾಡುವ ಮೊದಲು ಇದನ್ನು ಲೆಕ್ಕ ಹಾಕಬೇಕು.

ಆ ಡಿಕ್ರಿ ಇಲ್ಲಿ ನಡೆಯಬೇಕಾದರೆ ಅಪೊಸ್ಟಿಲ್ ಎಂಬ ಮುದ್ರೆ ಹಾಕಿಸಿ ಕಳುಹಿಸಲು ಹೇಳಿ. ವಿಚ್ಛೇದನ ಆದ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಸಾಮಾನ್ಯವಾಗಿ ಇದನ್ನು ಹಾಕ್ತಾರೆ. ಭಾರತದಲ್ಲಿ ಈ ಒಪ್ಪಂದ 2005ರಿಂದ ಜಾರಿಯಲ್ಲಿದೆ.

ಇನ್ನೊಂದು ಮುಖ್ಯ ವಿಷಯ. ಮೊದಲ ಹೆಂಡತಿ ಊರಿನಲ್ಲೇ ಇದ್ದು, ಗಂಡ ಅಲ್ಲಿ ಒಬ್ಬನೇ ಕೋರ್ಟಿಗೆ ಹೋಗಿ ಡಿಕ್ರಿ ತಂದಿದ್ದರೆ ಅದನ್ನು ನಮ್ಮ ನ್ಯಾಯಾಲಯಗಳು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ ಇದಕ್ಕೇ ಇರುವುದು. ತಿರುಪತಿಯಲ್ಲಿ ಮದುವೆಯಾದ ದಂಪತಿಗೆ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಕೋರ್ಟು ಕೊಟ್ಟ ವಿಚ್ಛೇದನವನ್ನು 1991ರಲ್ಲಿ ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಅದು ಹಿಂದೂ ವಿವಾಹ ಕಾಯ್ದೆಯ ಕೇಸು, ಆದರೆ 13ನೇ ಕಲಂ ಎಲ್ಲರಿಗೂ ಒಂದೇ. ಇಂಥ ಡಿಕ್ರಿ ಕಂಡರೆ ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ.

ವಿಚ್ಛೇದನ ಆದವಳು ಹೆಣ್ಣಾಗಿದ್ದರೆ ದೀನಿನ ಪ್ರಶ್ನೆಯೂ ಸೇರ್ತದೆ. ಆ ಡಿಕ್ರಿಯ ಜೊತೆ ಗಂಡ ತಲಾಕ್ ಕೊಟ್ಟಿದ್ದಾನಾ, ಖುಲಾ ಆಗಿದೆಯಾ, ಇದ್ದತ್ ಯಾವಾಗಿನಿಂದ ಲೆಕ್ಕ ಎಂಬುದನ್ನು ಉಲಮಾಗಳೇ ನೋಡಿ ಹೇಳಬೇಕು. ಕೋರ್ಟಿನ ಕಾಗದ, ಮಸೀದಿಯ ಕಾಗದ ಎರಡನ್ನೂ ಖಾಝಿಯವರ ಮುಂದೆ ಇಟ್ಟೇ ನಿಕಾಹ್‌ನ ದಿನ ಗೊತ್ತು ಮಾಡುವುದು ಸರಿ.

ಊರಿನ ಪಕ್ಕದ ಮೊಹಲ್ಲಾದ ಹುಡುಗನಾದರೂ ಅವನ ಜಮಾಅತಿನ ಪತ್ರ ಕೇಳುವ ಪದ್ಧತಿ ನಮ್ಮಲ್ಲಿ ಉಂಟು. ಅದನ್ನು ಯಾರೂ ಅವಮಾನ ಎಂದು ತಿಳಿಯುವುದಿಲ್ಲ. ಸಾಲದ ವ್ಯವಹಾರವನ್ನೇ ಬರೆದಿಟ್ಟು ಸಾಕ್ಷಿ ಮಾಡಿಕೊಳ್ಳಿ ಎಂದು ಸೂರಾ ಬಕರ ಕಲಿಸುತ್ತದೆ. ಮಗಳ ಇಡೀ ಬದುಕು ಸಾಲಕ್ಕಿಂತ ಸಣ್ಣದಲ್ಲ. ಕಾಗದ ಕೇಳಿದ್ದಕ್ಕೆ ಸಿಟ್ಟಾಗುವ ಸಂಬಂಧ ಇದ್ದರೆ, ಅದು ನಿಕಾಹ್‌ಗೆ ಮೊದಲೇ ಗೊತ್ತಾದದ್ದು ಒಳ್ಳೆಯದೇ ಆಯಿತು. ಒಳ್ಳೆಯ ಹುಡುಗ ಕೇಳಿದ ವಾರದಲ್ಲೇ ಅರ್ಜಿ ಹಾಕ್ತಾನೆ.